ಅದಿರಿನ ನಾಡಿನ ಮಕ್ಕಳೇ, ಕಟ್ಟುವ ವಿದ್ಯೆ ಕಲಿಯಿರಿ

ಸಂಡೂರಿನ ದೋಣಿಮಲೈ ಗಣಿಯಲ್ಲಿ ಸರ್ಕಾರಿ ಗಣಿ ಕಂಪನಿ ಎನ್‌ಎಂಡಿಸಿಯ ಕೆಲಸ ಶುರುವಾದದ್ದು 1977ರಲ್ಲಿ. ಅಂದಿನಿಂದ ನಮ್ಮ ಗುಡ್ಡದ ಅದಿರು ರೈಲು, ಲಾರಿ ಏರುತ್ತಲೇ ಇದೆ. ಕುಲುಮೆಯಲ್ಲಿ ಕರಗಿ, ಕಂಬಿಯಾಗಿ, ತೊಲೆಯಾಗಿ, ದೂರದೂರದ ಸೇತುವೆಗಳನ್ನೂ ಮಹಡಿಗಳನ್ನೂ ಹೊತ್ತು ನಿಂತಿದೆ. ಅದರ ಬೆನ್ನಿಗೇ ನಾವೂ ಕಟ್ಟಡ ಕೆಲಸಕ್ಕೆ ಗುಳೆ ಹೋದೆವು. ನಕ್ಷೆ ಓದಿದವರು ಬೇರೆಯವರು, ಬುಟ್ಟಿ ಹೊತ್ತವರು ನಾವು. ಇನ್ನೆಷ್ಟು ಕಾಲ ಹೀಗೆ?

ಕೃಷಿ ಬಿಟ್ಟರೆ ಈ ದೇಶದಲ್ಲಿ ಅತಿ ಹೆಚ್ಚು ಕೈಗಳಿಗೆ ಕೆಲಸ ಕೊಡುವ ರಂಗಗಳಲ್ಲಿ ನಿರ್ಮಾಣವೂ ಒಂದು. ಆದರೆ ಆ ಕೆಲಸ ಈಗ ಮೊದಲಿನಂತಿಲ್ಲ. ಬುಟ್ಟಿಯ ಜಾಗಕ್ಕೆ ಕ್ರೇನ್, ಕಾಂಕ್ರೀಟ್ ಪಂಪು ಬಂದಿವೆ. ಕಂಬ, ತೊಲೆಗಳು ಕಾರ್ಖಾನೆಯಲ್ಲೇ ಸಿದ್ಧವಾಗಿ ಬಂದು ಸೈಟಿನಲ್ಲಿ ಜೋಡಣೆಯಾಗುತ್ತಿವೆ. ಹೊಳೆಯ ಮರಳಿನ ಬದಲು ಕಲ್ಲು ಪುಡಿಮಾಡಿದ ಎಂ-ಸ್ಯಾಂಡ್ ಬಳಕೆಗೆ ಬಂದಿದೆ. ತೋಳಿಗಿಂತ ತಿಳಿವಳಿಕೆಗೆ ಬೆಲೆ ಏರುತ್ತಿದೆ. ಆ ತಿಳಿವಳಿಕೆ ನಮ್ಮದಾಗಬೇಕು.

ಆ ತಿಳಿವಳಿಕೆಯ ಬೆಲೆ ತೋರಿಸಿದ 2024ರ ಆಗಸ್ಟ್ 10ರ ರಾತ್ರಿ ಮರೆತಿದ್ದೀರಾ? ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟಿನ ಚೈನು ತುಂಡಾಗಿ, ಗೇಟೇ ಕೊಚ್ಚಿಹೋಯಿತು. ಕಂಪ್ಲಿಯಿಂದ ರಾಯಚೂರಿನವರೆಗೆ ಭತ್ತದ ರೈತರು ನಿದ್ದೆಗೆಟ್ಟರು. ಅಣೆಕಟ್ಟೆ ಗೇಟುಗಳ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ನಮ್ಮದೇ ಸುತ್ತಲಿನ ವರ್ಕ್‌ಶಾಪುಗಳಲ್ಲಿ ಹಗಲಿರುಳು ಬೆಸುಗೆ ಹಾಕಿ ಸಿದ್ಧಮಾಡಿದ ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ಉಕ್ಕಿನ ತಡೆಗಳನ್ನು, ಭೋರ್ಗರೆಯುವ ನೀರಿನ ನಡುವೆಯೇ, ಕೆಲಸಗಾರರು ಒಂದರ ಮೇಲೊಂದರಂತೆ ಇಳಿಸಿದರು. ಸುಮಾರು ಒಂದು ವಾರದಲ್ಲಿ ನೀರು ನಿಂತಿತು. ಅಂದು ನಾಡಿನ ಬೆಳೆ ಉಳಿಸಿದ್ದು ವೆಲ್ಡರನ ಕೈ, ಫಿಟ್ಟರನ ಕಣ್ಣು, ಕ್ರೇನ್ ನಡೆಸಿದವನ ಎದೆಗಾರಿಕೆ!

ಅಣೆಕಟ್ಟೆಗಳ ಗೇಟು ಮಾಡಲೆಂದೇ 1960ರಲ್ಲಿ ಹೊಸಪೇಟೆಯಲ್ಲಿ ಹುಟ್ಟಿದ ತುಂಗಭದ್ರಾ ಸ್ಟೀಲ್ ಪ್ರಾಡಕ್ಟ್ಸ್ ಇಂದು ಬಾಗಿಲು ಮುಚ್ಚಿದೆ. ನನಗೆ ಇದು ಸಣ್ಣ ನೋವಲ್ಲ. ಕಾರ್ಖಾನೆ ಮುಚ್ಚಬಹುದು, ವಿದ್ಯೆ ಮುಚ್ಚಿಹೋಗಬಾರದು. ವಿಜಯನಗರದ ಕಾಲದಲ್ಲಿ ತೋಡಿದ ತುರ್ತು ಕಾಲುವೆ ಇಂದಿಗೂ ಹಂಪಿಯ ಬಾಳೆತೋಟಗಳಿಗೆ ನೀರುಣಿಸುತ್ತಿದೆ. ಅದನ್ನು ತೋಡಿದವರ ನೆಲದಲ್ಲಿ ಹುಟ್ಟಿದವರು ನೀವು. ನಿಮ್ಮಿಂದಾಗದೇ?

ಐಟಿಐ ಸೇರಿ, ಡಿಪ್ಲೊಮಾ ಮಾಡಿ. ಅಪ್ಪ ಗಾರೆ ಕೆಲಸದವರಾಗಿದ್ದರೆ ಅವರ ತೂಕಗುಂಡಿನ ಲೆಕ್ಕವನ್ನು ಮೊದಲು ಕಲಿಯಿರಿ, ಲೆವೆಲಿಂಗ್ ಯಂತ್ರವನ್ನು ಆಮೇಲೆ ಕಲಿಯಿರಿ. ಹೆಣ್ಣುಮಕ್ಕಳೇ, ಸೈಟಿನಲ್ಲಿ ನಿಮಗೆ ಬುಟ್ಟಿಯೊಂದೇ ಎಂದವರ ಮಾತು ಕೇಳಬೇಡಿ. ಸರ್ವೆ ಯಂತ್ರದ ಮುಂದೆ ನಿಲ್ಲಿ. ಈಗಾಗಲೇ ಕೆಲಸಕ್ಕೆ ಇಳಿದವರು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಲೇಬರ್ ಕಾರ್ಡ್ ಮಾಡಿಸಿಕೊಳ್ಳಿ. ಕಟ್ಟಡದ ವೆಚ್ಚದ ಮೇಲೆ ಶೇ 1ರಷ್ಟು ಸೆಸ್ ವಸೂಲಾಗುವುದೇ ನಿಮ್ಮ ಕಲ್ಯಾಣಕ್ಕೆ. ಅದು ನಿಮ್ಮ ಹಕ್ಕು.

ತುಂಗಭದ್ರಾ ಅಣೆಕಟ್ಟೆಯ 33 ಗೇಟುಗಳನ್ನೂ ಬದಲಿಸಬೇಕೆಂದು ತಜ್ಞರು ಹೇಳಿದರು. ಹೊಸ ಗೇಟುಗಳಿಗೂ ವರ್ಷ ವರ್ಷ ಆರೈಕೆ ಬೇಕು. ಗಣಿ ಅಗೆದು ಬೋಳಾದ ಸಂಡೂರಿನ ಗುಡ್ಡಗಳಿಗೆ ತಡೆಗೋಡೆ ಬೇಕು, ಚೆಕ್ ಡ್ಯಾಂ ಬೇಕು, ಮರ ಬೇಕು. ಈ ಕೆಲಸಗಳಿಗೆ ಹೊರಗಿನಿಂದ ಜನ ಬರುವ ಮೊದಲು, ಕಲಿತ ಕೈಗಳೊಂದಿಗೆ ನಾವು ಅಲ್ಲಿರೋಣ.