ಸಂಬಳ ಕೊಡುವವರನ್ನೇ ಪ್ರಶ್ನಿಸುವ ಕೆಲಸ



ಅಡ್ವೊಕೇಟ್ ಎಂದೊಡನೆ ಕನ್ನಡಿಗರ ಕಣ್ಣಮುಂದೆ ಕರಿಕೋಟು ನಿಲ್ಲುತ್ತದೆ. ಇಂಗ್ಲೆಂಡಿನ ಆರೈಕೆಮನೆಗಳಿಗೆ ಎಡತಾಕುವ ಒಂದು ಬಗೆಯ ಅಡ್ವೊಕೇಟರಿಗೆ ಕೋಟೂ ಇಲ್ಲ, ಕಕ್ಷಿದಾರರಿಂದ ಫೀಸೂ ಇಲ್ಲ. ಎಷ್ಟೋ ಸಲ ಆ ಕಕ್ಷಿದಾರರ ಬಾಯಲ್ಲಿ ಮಾತೂ ಇರುವುದಿಲ್ಲ. ತಾವೇ ತೀರ್ಮಾನಿಸುವ ಸಾಮರ್ಥ್ಯವಿಲ್ಲದವರ ಪರ ನಿಲ್ಲುವ ಇವರನ್ನು ಅಲ್ಲಿ ‘ಇಮ್ಕಾ’ (ಸ್ವತಂತ್ರ ಮಾನಸಿಕ ಸಾಮರ್ಥ್ಯ ಅಡ್ವೊಕೇಟ್) ಎನ್ನುತ್ತಾರೆ. 2005ರ ಮಾನಸಿಕ ಸಾಮರ್ಥ್ಯ ಕಾಯಿದೆಯಿಂದ ಹುಟ್ಟಿದ ಈ ಹುದ್ದೆ 2007ರ ಏಪ್ರಿಲಿನಲ್ಲಿ ಇಂಗ್ಲೆಂಡಿನಲ್ಲೂ ಅದೇ ವರ್ಷದ ಅಕ್ಟೋಬರಿನಲ್ಲಿ ವೇಲ್ಸಿನಲ್ಲೂ ಜಾರಿಗೆ ಬಂತು.

ಎಂಬತ್ತು ದಾಟಿದ, ಮರೆವಿನ ಕಾಯಿಲೆಯ ಅಜ್ಜಿಯೊಬ್ಬರನ್ನು ನೆನೆಸಿಕೊಳ್ಳಿ. ನೆಂಟರಿಲ್ಲ, ಸ್ನೇಹಿತರಿಲ್ಲ. ಆಸ್ಪತ್ರೆಯವರು ಅವರನ್ನು ಆರೈಕೆಮನೆಗೆ ಸಾಗಿಸಬೇಕೆಂದಿದ್ದಾರೆ. ಎಂಟು ವಾರ ಮೀರುವ ವಾಸವಾದರೆ ಇಮ್ಕಾರನ್ನು ಕರೆಸಲೇಬೇಕು. ದೊಡ್ಡ ಚಿಕಿತ್ಸೆಯ ಮಾತು ಬಂದರೂ ಅಷ್ಟೇ. ಬಂದವರು ಅಜ್ಜಿಯ ಜೊತೆ ಒಂಟಿಯಾಗಿ ಕೂರಬಹುದು, ಕಡತ ಬಿಚ್ಚಿ ನೋಡಬಹುದು. ಸಂಜೆ ನಾಲ್ಕಾದರೆ ಅಜ್ಜಿ ಕೈಚೀಲ ಹಿಡಿದು ಬಾಗಿಲ ಬಳಿ ನಿಲ್ಲುತ್ತಾರೆ. ಕಡತದಲ್ಲಿ ಅದು ‘ಅಲೆದಾಟ’. ಹಳೆಯ ಬೀದಿಗೆ ಹೋಗಿ ವಿಚಾರಿಸಿದರೆ, ನಾಲ್ಕು ಗಂಟೆ ಅವರು ನಾಯಿಯನ್ನು ಸುತ್ತಾಡಿಸಲು ಹೊರಡುತ್ತಿದ್ದ ಹೊತ್ತು ಎಂದು ತಿಳಿಯುತ್ತದೆ. ಇಮ್ಕಾ ಇದನ್ನು ವರದಿಯಲ್ಲಿ ಬರೆಯುತ್ತಾರೆ. ತೀರ್ಮಾನ ಅವರದಲ್ಲ, ಆದರೆ ತೀರ್ಮಾನಿಸುವವರು ಆ ವರದಿಯನ್ನು ಗಣನೆಗೆ ತೆಗೆದುಕೊಳ್ಳದೆ ಮುಂದೆ ಹೋಗುವಂತಿಲ್ಲ.

ತೊಡಕಿರುವುದು ಹಣದಲ್ಲಿ. ಇಂಗ್ಲೆಂಡಿನಲ್ಲಿ ಈ ಸೇವೆಗೆ ಹಣ ಕೊಟ್ಟು, ಸಂಸ್ಥೆಗಳಿಗೆ ಗುತ್ತಿಗೆ ವಹಿಸುವುದು ಸ್ಥಳೀಯ ಕೌನ್ಸಿಲ್. ಆರೈಕೆಮನೆಗೆ ಸೇರಿಸುವ ತೀರ್ಮಾನವೂ ಎಷ್ಟೋ ಸಲ ಅದೇ ಕೌನ್ಸಿಲಿನದು. ಬೇಲಿ ಹೊಲ ಮೇಯುತ್ತಿದೆಯೇ ಎಂದು ನೋಡುವವನಿಗೆ ಬೇಲಿಯೇ ಕೂಲಿ ಕೊಟ್ಟಂತೆ! ವೇಲ್ಸಿನಲ್ಲಿ ಈ ಹೊಣೆ ಆರೋಗ್ಯ ಮಂಡಳಿಗಳದು. ಅಲ್ಲಿ ಇದೇ ಇಕ್ಕಟ್ಟು ಆಸ್ಪತ್ರೆಯ ಬಾಗಿಲಲ್ಲಿ ಎದುರಾಗುತ್ತದೆ.

ಲಂಡನ್ನಿನ ಹಿಲಿಂಗ್ಡನ್ ಕೌನ್ಸಿಲಿನ ಪ್ರಕರಣ ಈ ಕ್ಷೇತ್ರದವರಿಗೆಲ್ಲ ಗೊತ್ತು. 2009ರ ಡಿಸೆಂಬರ್ ಕೊನೆಗೆ ತಂದೆಯೊಬ್ಬರಿಗೆ ಹುಷಾರು ತಪ್ಪಿತು. ಆಟಿಸಂ ಇದ್ದ ಮಗನನ್ನು ಕೆಲವೇ ದಿನದ ಮಟ್ಟಿಗೆ ಕೌನ್ಸಿಲಿನ ಆರೈಕೆಗೆ ಬಿಟ್ಟರು. ಕೆಲವು ದಿನ ಹೆಚ್ಚುಕಡಿಮೆ ಒಂದು ವರ್ಷವಾಯಿತು. ನ್ಯಾಯಾಲಯ ನಡುವೆ ಬಂದ ಮೇಲೆ, 2010ರ ಕ್ರಿಸ್‌ಮಸ್ ಹೊತ್ತಿಗೆ ಮಗ ಮನೆ ಸೇರಿದ. ಕೌನ್ಸಿಲ್ ಇಮ್ಕಾರನ್ನು ನೇಮಿಸಿದ್ದು ತಿಂಗಳುಗಟ್ಟಲೆ ತಡಮಾಡಿ. ಅವರು ಬಂದು ಬರೆದ ವರದಿ ಮನೆಯ ಕಡೆಗೇ ವಾಲಿತು. ಆ ಯುವಕನ ಕುಟುಂಬಜೀವನದ ಹಕ್ಕಿಗೂ ಸ್ವಾತಂತ್ರ್ಯಕ್ಕೂ ಧಕ್ಕೆಯಾಯಿತೆಂದು 2011ರ ಜೂನ್‌ನಲ್ಲಿ ಬಂದ ತೀರ್ಪು ಹೇಳಿತು. ಇಮ್ಕಾರನ್ನು ಬೇಗ ನೇಮಿಸದ್ದೂ ಕೌನ್ಸಿಲಿನ ತಪ್ಪುಗಳ ಸಾಲಿಗೆ ಸೇರಿತು.

ಆದ್ದರಿಂದ ಇಮ್ಕಾ ಗುತ್ತಿಗೆಯ ಟೆಂಡರಿನ ಕಾಗದವನ್ನು ಗುಮಾಸ್ತರ ಪಾಲಿಗೆ ಬಿಡುವಂತಿಲ್ಲ. ಪ್ರಕರಣಕ್ಕೆ ಇಂತಿಷ್ಟೇ ಗಂಟೆ ಎಂದು ಅದರಲ್ಲಿ ಕಟ್ಟುಹಾಕಿದರೆ ಹಳೆಯ ಬೀದಿಗೆ ಹೋಗಿ ನಾಯಿಯ ಕಥೆ ಕೇಳುವವರಾರು? ಕೌನ್ಸಿಲಿನ ವಿರುದ್ಧ ತಕರಾರು ತೆಗೆದ ಸಂಸ್ಥೆಗೆ ಗುತ್ತಿಗೆ ನವೀಕರಣದಲ್ಲಿ ಪೆಟ್ಟು ಬೀಳದೆಂಬ ಭರವಸೆಯೂ ಬರಹದಲ್ಲೇ ಇರಬೇಕು. ಎಷ್ಟು ಕೆಲಸ ಬರಬಹುದೆಂಬ ಅಂದಾಜು ಹೇಗೆ ತಪ್ಪಬಹುದು ಎಂಬುದಕ್ಕೆ 2014ರ ಮಾರ್ಚ್ ಸಾಕ್ಷಿ. ಅಲ್ಲಿನ ಸುಪ್ರೀಂ ಕೋರ್ಟು ಚೆಷೈರ್ ವೆಸ್ಟ್ ತೀರ್ಪಿನಲ್ಲಿ ‘ಸ್ವಾತಂತ್ರ್ಯ ಹರಣ’ದ ಅರ್ಥವನ್ನು ಹಿಗ್ಗಿಸಿತು. ಅದಕ್ಕೆ ಅನುಮತಿ ಕೋರುವ ಅರ್ಜಿಗಳು ಒಂದೇ ವರ್ಷದಲ್ಲಿ ಸುಮಾರು ಹತ್ತು ಪಟ್ಟಾದವು. ಯಾರೂ ಇಲ್ಲದವರ ಅಂಥ ಅರ್ಜಿಗಳಿಗೂ ಇಮ್ಕಾ ಬೇಕು; ಹಳೆಯ ಲೆಕ್ಕದ ಗುತ್ತಿಗೆ ಆ ಹೊರೆಗೆ ಎಲ್ಲಿ ಸಾಲಬೇಕು?

ಭಾರತದ ಕಾಯಿದೆ ಬೇರೆ ಹಾದಿ ಹಿಡಿದಿದೆ. 2017ರ ಮಾನಸಿಕ ಆರೋಗ್ಯ ಪಾಲನಾ ಕಾಯಿದೆಯ 14ನೇ ಕಲಮಿನಂತೆ ಕಾಯಿಲೆಯವರು ತಮ್ಮ ಪ್ರತಿನಿಧಿಯನ್ನು ತಾವೇ ಹೆಸರಿಸಬಹುದು. ಹೆಸರಿಸದಿದ್ದರೆ ಸಂಬಂಧಿಕರು, ಆಮೇಲೆ ಆರೈಕೆ ಮಾಡುವವರು, ಆಮೇಲೆ ಮಾನಸಿಕ ಆರೋಗ್ಯ ಪುನರಾವಲೋಕನ ಮಂಡಳಿ ಸೂಚಿಸಿದವರು. ಯಾರೂ ಸಿಗದಿದ್ದರೆ ಆ ಜಾಗಕ್ಕೆ ಸಮಾಜ ಕಲ್ಯಾಣ ಇಲಾಖೆಯ ನಿರ್ದೇಶಕರು ಅಥವಾ ಅವರು ಕಳಿಸುವವರು ಬರುತ್ತಾರೆ. ಅಂದರೆ ಕೊನೆಯ ಹಂತದಲ್ಲಿ ಗುತ್ತಿಗೆಯೂ ಇಲ್ಲ, ಹೊರಗಿನವರೇ ಬರಬೇಕೆಂಬ ಕಟ್ಟಳೆಯೂ ಇಲ್ಲ. ಸರ್ಕಾರದ ಕೈಯಲ್ಲಿರುವವರ ಪರವಾಗಿ ಸರ್ಕಾರವೇ ಮಾತಾಡಬೇಕು. ಕರ್ನಾಟಕ ಇದನ್ನು ಸರಿಪಡಿಸಲು ಕಾಯಿದೆ ತಿದ್ದುಪಡಿಯವರೆಗೆ ಕಾಯಬೇಕಿಲ್ಲ. ನಿರ್ದೇಶಕರು ಕಳಿಸುವವರು ಇಲಾಖೆಯ ನೌಕರರಲ್ಲದೆ ತರಬೇತಾದ ಹೊರಗಿನವರಾಗಿರಲಿ, ಅವರ ಪ್ರಯಾಣಕ್ಕೂ ಕೂತು ಮಾತಾಡುವ ಹೊತ್ತಿಗೂ ಬೇರೆಯೇ ಹಣ ತೆಗೆದಿಡಲಿ. ಇಂದು ಮಧ್ಯಾಹ್ನ ಸಭೆಯ ಮುಂದೆ ಬರುವ ಮೊದಲ ನಿರ್ಣಯದ ಕರಡಿನಲ್ಲಿ ಈ ಎರಡು ಸಾಲುಗಳಿವೆ.