ಗಣಿತದಲ್ಲಿ ಮಗು ಎಲ್ಲಿ ನಿಂತಿದೆ?

(ಮಠದ ಆವರಣದಲ್ಲಿ ಸೇರಿದ್ದ ಶಿಕ್ಷಕರ ಹಾಗೂ ಪೋಷಕರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)

 

ಆರು, ಏಳು, ಎಂಟನೆಯ ತರಗತಿಯ ಗಣಿತದ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ಅಪ್ಪಣೆಯಾಗಿದೆ. ವಿಷಯ ಒಣ ಅನ್ನಿಸಬಹುದು. ಆದರೆ ಒಂದು ಮಗು ಮುಂದೆ ಓದುತ್ತದೆಯೋ ಇಲ್ಲವೋ ಎಂಬುದು ಬಹಳ ಸಲ ಈ ಮೂರು ವರ್ಷಗಳಲ್ಲೇ ತೀರ್ಮಾನವಾಗಿಬಿಡುತ್ತದೆ. ಎಸ್‌ಎಸ್‌ಎಲ್‌ಸಿಯಲ್ಲಿ ಗಣಿತಕ್ಕೆ ನಪಾಸಾದ ಮಗುವಿನ ಲೆಕ್ಕಗಳನ್ನು ಕೂತು ನೋಡಿ. ಎಡವಿದ್ದು ಹತ್ತನೆಯ ತರಗತಿಯ ಪಾಠದಲ್ಲಿ ಅನ್ನಿಸುತ್ತದೆ. ಬಗೆದು ನೋಡಿದರೆ ಎಷ್ಟೋ ಸಲ ಭಿನ್ನರಾಶಿಯಲ್ಲಿ, ಋಣಸಂಖ್ಯೆಯಲ್ಲಿ ಎಡವಿರುತ್ತದೆ. ಅವು ಮಾಧ್ಯಮಿಕ ಹಂತದ ಪಾಠಗಳು.

ಗಣಿತ ನಮ್ಮ ನಾಡಿಗೆ ಹೊಸತಲ್ಲ. 9ನೇ ಶತಮಾನದಲ್ಲಿ ಅಮೋಘವರ್ಷನ ಕಾಲದಲ್ಲಿ ಮಹಾವೀರಾಚಾರ್ಯರು 'ಗಣಿತಸಾರಸಂಗ್ರಹ' ರಚಿಸಿದರು. 12ನೇ ಶತಮಾನದಲ್ಲಿ ರಾಜಾದಿತ್ಯ 'ವ್ಯವಹಾರಗಣಿತ'ವನ್ನು ಕನ್ನಡದಲ್ಲೇ ಬರೆದ. ನಮ್ಮ ಅಜ್ಜಂದಿರು ಕಲಿತ ಕೂಲಿಮಠಗಳಲ್ಲಿ ಐಗಳು ಕಾಲು, ಅರೆ, ಮುಕ್ಕಾಲಿನ ಮಗ್ಗಿಯನ್ನೂ ಬಾಯಿಪಾಠ ಮಾಡಿಸುತ್ತಿದ್ದರು. ಅದು ಸಂತೆಯಲ್ಲಿ, ಕಣದಲ್ಲಿ ಕೆಲಸಕ್ಕೆ ಬರುತ್ತಿತ್ತು. ಇಂದು ಆ ಮಗ್ಗಿ ಹೋಯಿತು. ಅದರ ಜಾಗಕ್ಕೆ ತಿಳಿವಳಿಕೆ ಬರಬೇಕಿತ್ತು. ಬಂದದ್ದು ಬರಿಯ ಸೂತ್ರ.

ಮೊದಲು ಯೋಜನೆಯ ಮಾತು. ಪಠ್ಯಪುಸ್ತಕದ ಅಧ್ಯಾಯಗಳನ್ನು ತಿಂಗಳಿಗಿಷ್ಟು ಎಂದು ಹಂಚಿಟ್ಟರೆ ಅದು ವೇಳಾಪಟ್ಟಿಯಾಯಿತೇ ಹೊರತು ಯೋಜನೆಯಾಗಲಿಲ್ಲ. ಈ ಮೂರು ತರಗತಿಗಳ ಗಣಿತದಲ್ಲಿ ಒಂದು ಎಳೆ ಇದೆ. ಭಿನ್ನರಾಶಿಯಿಂದ ದಶಮಾಂಶಕ್ಕೆ, ಅಲ್ಲಿಂದ ಅನುಪಾತಕ್ಕೆ, ಶೇಕಡಕ್ಕೆ, ಕೊನೆಗೆ ಬಡ್ಡಿ ಲೆಕ್ಕಕ್ಕೆ ಆ ಎಳೆ ಸಾಗುತ್ತದೆ. ಇನ್ನೊಂದು ಎಳೆ ಸಂಖ್ಯೆಗಳಿಂದ ಹೊರಟು ಅಕ್ಷರಗಳ ಮೂಲಕ ಸಮೀಕರಣಕ್ಕೆ ಮುಟ್ಟುತ್ತದೆ. ನಡುವೆ ಎಲ್ಲಿ ಕಡಿದರೂ ಮುಂದಿನದು ಹತ್ತುವುದಿಲ್ಲ. ಆದ್ದರಿಂದ ಜೂನ್ ತಿಂಗಳಲ್ಲಿ ಆರು, ಏಳು, ಎಂಟಕ್ಕೆ ಗಣಿತ ಹೇಳುವವರು ಒಂದು ದಿನ ಜೊತೆಗೆ ಕೂತು, ಈ ಎಳೆಗಳನ್ನು ಒಂದೇ ಹಾಳೆಯ ಮೇಲೆ ಬರೆಯಲಿ. ಏಳನೆಯ ತರಗತಿಯಲ್ಲಿ ಶೇಕಡ ಶುರುಮಾಡುವ ಮುನ್ನ ಮಗುವಿಗೆ ಏನು ಗೊತ್ತಿರಬೇಕು, ಅದನ್ನು ಹೇಗೆ ಪರೀಕ್ಷಿಸಿ ನೋಡುತ್ತೇವೆ ಎಂಬುದು ಆ ಹಾಳೆಯಲ್ಲಿರಲಿ.

ಇನ್ನು ಮೌಲ್ಯಮಾಪನ. 2009ರ ಶಿಕ್ಷಣ ಹಕ್ಕು ಕಾಯ್ದೆ ಮಗುವನ್ನು ಭಯದಿಂದ ಬಿಡಿಸಬೇಕು, ಮೌಲ್ಯಮಾಪನ ನಿರಂತರವಾಗಿರಬೇಕು ಎಂದಿತು. ನಮ್ಮಲ್ಲಿ ವರ್ಷಕ್ಕೆ ನಾಲ್ಕು ರೂಪಣಾತ್ಮಕ, ಎರಡು ಸಂಕಲನಾತ್ಮಕ ಮೌಲ್ಯಮಾಪನಗಳಿವೆ. ರೂಪಣಾತ್ಮಕ ಎಂದರೆ ಮಗು ಕಲಿಯುತ್ತಿರುವಾಗಲೇ ನೋಡಿ ತಿದ್ದುವುದು. ಎಷ್ಟೋ ಕಡೆ ಅದು ಸಣ್ಣ ಪರೀಕ್ಷೆಯಾಗಿ, ರಿಜಿಸ್ಟರ್ ತುಂಬುವ ಕೆಲಸವಾಗಿ ಮುಗಿಯುತ್ತಿದೆ. ಇಬ್ಬರು ಮಕ್ಕಳಿಗೆ ಹತ್ತಕ್ಕೆ ಆರು ಅಂಕ ಬಂತು ಅನ್ನಿ. ಒಬ್ಬನಿಗೆ ವಿಷಯ ತಿಳಿದಿದೆ, ಕೂಡುವಾಗ ಅವಸರ ಮಾಡಿದ್ದಾನೆ. ಇನ್ನೊಬ್ಬಳು ಅರ್ಥವಾಗದೆ ವಿಧಾನವನ್ನು ನೆನಪಿಟ್ಟುಕೊಂಡು ಬರೆದಿದ್ದಾಳೆ. ಇಬ್ಬರಿಗೂ ಬೇಕಾದ ಪಾಠ ಬೇರೆ. ಆರು ಎಂಬ ಅಂಕ ಅದನ್ನು ಹೇಳುವುದಿಲ್ಲ. ಮಗುವಿನ ತಪ್ಪು ಹೇಳುತ್ತದೆ.

ಮೂರು ಉದಾಹರಣೆ ಕೊಡುತ್ತೇನೆ. 1/2 ಕ್ಕೆ 1/3 ಕೂಡಿಸು ಎಂದರೆ ಮಗು 2/5 ಎಂದು ಬರೆಯುತ್ತದೆ. ಕೆಂಪು ಗೀಟು ಹಾಕಿ ಲಸಾಅ ತೆಗೆಯುವುದನ್ನು ಮತ್ತೆ ತೋರಿಸಿದರೆ ಸಾಲದು. 'ಅರ್ಧ ರೊಟ್ಟಿಯ ಮೇಲೆ ಇನ್ನಷ್ಟು ಹಾಕಿದೆ. ಈಗ ಅರ್ಧಕ್ಕಿಂತ ಕಡಿಮೆ ಆಯಿತೇನವ್ವ?' ಎಂದು ಕೇಳಿ. 2/5 ಅರ್ಧಕ್ಕಿಂತ ಕಡಿಮೆ ಎಂದು ಅದಕ್ಕೇ ಹೊಳೆಯುತ್ತದೆ, ತಾನೇ ತಿದ್ದಿಕೊಳ್ಳಲು ಹೊರಡುತ್ತದೆ. ಎರಡನೆಯದು, 0.35 ಮತ್ತು 0.4 ರಲ್ಲಿ ಯಾವುದು ದೊಡ್ಡದು? 35 ದೊಡ್ಡದಲ್ಲವೇ ಎನ್ನುವ ಮಗುವಿಗೆ ಸ್ಥಾನಬೆಲೆ ತಿಳಿದಿಲ್ಲ. ಮೂರನೆಯದು, 8 + 4 = ☐ + 5. ಖಾಲಿ ಜಾಗದಲ್ಲಿ 12 ಬರೆಯುವ ಮಕ್ಕಳು ಬಹಳ. ಅವರಿಗೆ ಸಮ ಚಿಹ್ನೆ ಎಂದರೆ 'ಉತ್ತರ ಬರೆ' ಎಂಬ ಆಜ್ಞೆ. ಎರಡೂ ಕಡೆ ತೂಕ ಸರಿ ಎಂಬ ಅರ್ಥವಲ್ಲ. ಉತ್ತರ 7. ಇದು ತಿಳಿಯದೆ ಎಂಟನೆಯ ತರಗತಿಯ ಸಮೀಕರಣಕ್ಕೆ ಹೋದರೆ, ಆ ಮಗುವಿಗೆ ಬೀಜಗಣಿತ ಕೊನೆತನಕ ಮಾಟಮಂತ್ರವೇ.

ಇಂಥ ಪ್ರಶ್ನೆ ಕೇಳಲು ಐದು ನಿಮಿಷ ಸಾಕು. ಪಾಠ ಮುಗಿದ ಮೇಲೆ ಒಂದೇ ಪ್ರಶ್ನೆ, ಅಂಕ ಬೇಡ. ಚೀಟಿಗಳನ್ನು ತಪ್ಪಿನ ಪ್ರಕಾರ ಮೂರು ಗುಂಪು ಮಾಡಿ. ಮರುದಿನದ ಪಾಠದ ಯೋಜನೆ ಅಲ್ಲೇ ಸಿಗುತ್ತದೆ. 'ಪೋರ್ಷನ್ ಮುಗಿಯುವುದಿಲ್ಲವಲ್ಲ ಸರ್' ಎನ್ನುತ್ತೀರಿ. ಆ ಕಷ್ಟ ನಿಜ. ಆದರೆ ಮಗು ಹಿಂದೆ ಉಳಿದ ಮೇಲೆ ಮುಗಿದ ಪೋರ್ಷನ್ ಯಾರದ್ದು?

ಪೋಷಕರಿಗೂ ಒಂದು ಮಾತು. ಹಳ್ಳಿಯಲ್ಲಿ ನೂರಕ್ಕೆ ಮೂರು ರೂಪಾಯಿ ಬಡ್ಡಿಗೆ ಕೈಸಾಲ ತರುತ್ತೇವೆ. ಮೂರೇ ರೂಪಾಯಿ ಎಂದು ಕೇಳಿಸುತ್ತದೆ. ಅದು ತಿಂಗಳಿಗೆ, ವರ್ಷಕ್ಕೆ ನೂರಕ್ಕೆ 36. ಇಪ್ಪತ್ತು ಸಾವಿರಕ್ಕೆ ವರ್ಷದ ಬಡ್ಡಿ 7,200 ರೂಪಾಯಿ. ಶೇಕಡ 9ರ ಸಾಲವಾದರೆ 1,800. ಈ ವ್ಯತ್ಯಾಸವನ್ನು ಸಾಲಪತ್ರಕ್ಕೆ ಹೆಬ್ಬೆಟ್ಟು ಒತ್ತುವ ಮುನ್ನ ಮನೆಯಲ್ಲೇ ಹೇಳಬಲ್ಲವಳು ನಿಮ್ಮ ಏಳನೆಯ ತರಗತಿಯ ಮಗಳು. ಅವಳಿಗೆ 'ಹೆಣ್ಣುಹುಡುಗಿಗೆ ಲೆಕ್ಕ ಯಾಕೆ' ಎನ್ನಬೇಡಿ. ಲೆಕ್ಕ ತಿಳಿದವರ ಮುಂದೆ ತಿಳಿಯದವರು ತಲೆ ಬಾಗಿಸುತ್ತಾರೆ. ಸಮಾನತೆಯ ಮಾತಾಡುವ ನಾವು ಇದನ್ನು ಮರೆಯಬಾರದು.

ಕೊನೆಯದಾಗಿ ಸಂಸ್ಥೆಗಳನ್ನು ನಡೆಸುವ ಹಿರಿಯರಲ್ಲಿ ನನ್ನ ಬಿನ್ನಹ. ಎಸ್‌ಎಸ್‌ಎಲ್‌ಸಿ ಫಲಿತಾಂಶ ಎಷ್ಟು ಎಂದು ಮೇ ತಿಂಗಳಲ್ಲಿ ಕೇಳುತ್ತೀರಿ. ಸೆಪ್ಟೆಂಬರ್‌ನಲ್ಲೊಮ್ಮೆ ಆರನೆಯ ತರಗತಿಗೆ ಹೋಗಿ, ಭಿನ್ನರಾಶಿ ಎಷ್ಟು ಮಕ್ಕಳಿಗೆ ತಿಳಿದಿದೆ, ತಿಳಿಯದವರಿಗೆ ಏನು ಮಾಡುತ್ತಿದ್ದೀರಿ ಎಂದು ಕೇಳಿ. ಅನುಭವಿ ಗಣಿತ ಶಿಕ್ಷಕರನ್ನು ಹತ್ತನೆಯ ತರಗತಿಗೆ ಮಾತ್ರ ಕಾಯ್ದಿರಿಸದೆ ಆರನೆಯದಕ್ಕೂ ಕೊಡಿ. ಬೇರಿಗೆ ನೀರು ಹಾಕುವ ಕೆಲಸ ಅದು.