ಬಾವುಟಕ್ಕೆ ಮೊದಲು ಗ್ರಾಮಸಭೆ



ಅಂಚೆಟ್ಟಿಯಿಂದ ಹೊಗೇನಕಲ್ಲಿಗೆ ಹೋಗುವ ದಾರಿಯಲ್ಲಿ ನಮ್ಮ ನಾಟ್ರಾಂಪಾಳ್ಯ. ಇಲ್ಲಿ ಹಲವರ ಮನೆಮಾತು ಕನ್ನಡ, ಕಚೇರಿಯ ಮಾತು ತಮಿಳು. ರಾಜಕೀಯಕ್ಕೆ ಇಳಿಯುವ ಹುಡುಗರು ಮೊದಲು ಪಕ್ಷದ ಬಾವುಟ ಹಿಡಿಯುತ್ತಾರೆ. ತಪ್ಪೇನಿಲ್ಲ. ಆದರೆ ತಮಿಳುನಾಡಿನಲ್ಲಿ ಗ್ರಾಮ ಪಂಚಾಯಿತಿಯ ವಾರ್ಡು ಸದಸ್ಯರಿಗೂ ಅಧ್ಯಕ್ಷರಿಗೂ ಪಕ್ಷದ ಚಿಹ್ನೆ ಇಲ್ಲ. ಪಂಚಾಯಿತಿ ಯೂನಿಯನ್ನಿಗೆ, ಜಿಲ್ಲಾ ಪಂಚಾಯಿತಿಗೆ ಮಾತ್ರ ಉಂಟು. ಊರಿನ ಮಟ್ಟದಲ್ಲಿ ಜನ ನೋಡುವುದು ಆಳನ್ನೇ.

ಆದ್ದರಿಂದ ಮೊದಲ ಮೆಟ್ಟಿಲು ಗ್ರಾಮಸಭೆ. ಮತದಾರರ ಪಟ್ಟಿಯಲ್ಲಿ ಹೆಸರಿದ್ದವರೆಲ್ಲ ಅದರ ಸದಸ್ಯರು. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2ರ ಜೊತೆಗೆ 2022ರಲ್ಲಿ ಮಾರ್ಚ್ 22, ನವೆಂಬರ್ 1 ಸೇರಿದವು. ನವೆಂಬರ್ ಒಂದು ಗಡಿಯಾಚೆ ರಾಜ್ಯೋತ್ಸವ, ಇಲ್ಲಿ ಸ್ಥಳೀಯಾಡಳಿತ ದಿನ!

ತಮಿಳು ಸರಿಯಾಗಿ ಬಾರದೆಂದು ನಮ್ಮ ಹಿರಿಯರು, ಹೆಂಗಸರು ಹಿಂದೆ ಸುಮ್ಮನೆ ಕೂರಬೇಕಿಲ್ಲ. ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಅಹವಾಲು ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೇ ವಿಧಿ ಕೊಟ್ಟಿದೆ.

ಎರಡೂ ಭಾಷೆ ಬಲ್ಲ ತಮ್ಮಂದಿರೇ, ತಂಗಿಯರೇ, ಅಜ್ಜಿ ಕನ್ನಡದಲ್ಲಿ ಹೇಳುವ ನೀರಿನ ಕಷ್ಟವನ್ನು ಎದ್ದು ನಿಂತು ತಮಿಳಿನಲ್ಲಿ ಹೇಳಿ. ತೀರ್ಮಾನದ ಪುಸ್ತಕದಲ್ಲಿ ಬರೆಸಿ. ಓದಿಸಿ ಕೇಳಿ, ಅಜ್ಜಿಗೂ ತಿಳಿಸಿ, ಆಮೇಲೆ ಸಹಿ ಹಾಕಿ. ಹೀಗೆ ನಾಲ್ಕು ಸಭೆ ನಡೆದವರು ಮುಂದೆ ಯಾವ ಬಾವುಟ ಹಿಡಿದರೂ ಊರು ಅವರ ಮಾತಿಗೆ ಕಿವಿಗೊಡುತ್ತದೆ.